ಐಬಿಡಿ ಕಲ್ಚರ್-ಇನ್ಸರ್ಟ್ 2 ವೆಲ್: ಗಾಯ ಮುಚ್ಚುವ ವೇಗಕ್ಕಿಂತ ಕೋಶಗಳ ಮುಖಾಮುಖಿಗೆ ಒದಗುವ ಸಾಧನ

ಮ್ಯೂನಿಕ್ ಪಕ್ಕದ ಗ್ರೇಫೆಲ್ಫಿಂಗ್‌ನ ಐಬಿಡಿ ಕಂಪನಿ ಮಾಡುವ ಕೋಶ ಬೆಳೆಸುವ ಡಿಶ್‌ನ ತಳಕ್ಕೆ ಕೂರಿಸುವ ಈ ಪುಟ್ಟ ಸಿಲಿಕೋನ್ ಇನ್ಸರ್ಟನ್ನು ಹೆಚ್ಚಿನ ಲ್ಯಾಬುಗಳು ತರಿಸಿಕೊಳ್ಳುವುದು ಒಂದೇ ಕೆಲಸಕ್ಕೆ, ವೂಂಡ್ ಹೀಲಿಂಗ್ (ಗಾಯ ಮುಚ್ಚುವುದನ್ನು ಅನುಕರಿಸುವ) ಪ್ರಯೋಗಕ್ಕೆ. ಎರಡು ಕಡೆ ಕೋಶ ಬೆಳೆಸುವುದು, ನಡುವಿನ ಗೋಡೆ ತೆಗೆಯುವುದು, ಖಾಲಿ ಜಾಗ ಎಷ್ಟು ಗಂಟೆಯಲ್ಲಿ ಮುಚ್ಚಿತು ಎಂದು ಲೆಕ್ಕ ಹಾಕಿ ಒಂದು ಬಾರ್ ಗ್ರಾಫ್ ಎಳೆಯುವುದು. ಅಷ್ಟೇ ಸಾಕು ಅನ್ನುವವರು ಕೋಶಗಳ ಪದರದ ಮೇಲೆ ಪೈಪೆಟ್ ಟಿಪ್‌ನಲ್ಲಿ ಗೀರು ಹಾಕಿದರೂ ಕೆಲಸ ನಡೆಯುತ್ತದೆ. ಇನ್ಸರ್ಟ್‌ಗೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಜಾಗ ಮುಚ್ಚುವ ಕೊನೆಯ ಕೆಲವು ಗಂಟೆಗಳಲ್ಲಿ, ಎರಡು ದಡದ ಕೋಶಗಳು ಒಂದನ್ನೊಂದು ಮುಟ್ಟುವಾಗ. ಬಹಳ ಜನ ಸರಿಯಾಗಿ ಅಲ್ಲಿಗೇ ಕ್ಯಾಮೆರಾ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಇಲ್ಲಿ ಆ ಮುಟ್ಟುವಿಕೆಯನ್ನು ನೋಡಲು ಈ ಸಾಧನ ಎಷ್ಟು ಒದಗುತ್ತದೆ ಎಂಬುದನ್ನೇ ಮುಖ್ಯವಾಗಿ ಬರೆದಿದೆ.

ನೋಡಬೇಕಾದ್ದು ಏನು ಎಂಬುದು ಮೊದಲು ತಿಳಿದಿರಬೇಕು. ಫೈಬ್ರೋಬ್ಲಾಸ್ಟ್ (ಅಂಗಾಂಶಗಳನ್ನು ಹಿಡಿದಿಡುವ ನಾರುಗಳನ್ನು ತಯಾರಿಸುವ ಕೋಶ) ಒಂದು ತನ್ನ ಮುಂಭಾಗದ ತೆಳ್ಳಗಿನ ಲ್ಯಾಮೆಲಿಪೋಡಿಯಮ್ ಚಾಚಿಕೊಂಡು ಹೋಗುತ್ತಿರುತ್ತದೆ, ಎದುರಿನಿಂದ ಇನ್ನೊಂದು ಬರುತ್ತದೆ. ಎರಡರ ಅಂಚೂ ತಾಗಿ, ಒಂದು ಇನ್ನೊಂದರ ಕೆಳಗೋ ಮೇಲೋ ಸ್ವಲ್ಪ ನುಗ್ಗುತ್ತದೆ. ಆಗ ಮುಟ್ಟಿದ ಜಾಗದಲ್ಲಿ ಮಾತ್ರ ಅಂಚಿನ ಅಲುಗಾಟ ನಿಲ್ಲುತ್ತದೆ, ಉಳಿದ ಅಂಚು ಆಡುತ್ತಲೇ ಇರುತ್ತದೆ. ಮುಟ್ಟಿದಲ್ಲಿ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಪ್ರೋಟೀನುಗಳಾದ ಕ್ಯಾಡ್ಹೆರಿನ್‌ಗಳು ಸೇರಿ ತಾತ್ಕಾಲಿಕ ಬೆಸುಗೆ ಆಗುತ್ತದೆ. ಆ ಬೆಸುಗೆಯ ಬಳಿ ಅಂಚನ್ನು ಮುಂದಕ್ಕೆ ಚಾಚಿಸುವ ರ‍್ಯಾಕ್ ಪ್ರೋಟೀನಿನ ಚಟುವಟಿಕೆ ಇಳಿದು ಕೋಶವನ್ನು ಬಿಗಿಯಿಸುವ ರೋ ಪ್ರೋಟೀನಿನದು ಏರುತ್ತದೆ, ಕೋಶದೊಳಗಿನ ಆಕ್ಟಿನ್ ಎಳೆಗಳು ಬಿಗಿಯುತ್ತವೆ, ಎರಡೂ ಕೋಶಗಳು ಹಿಂದಕ್ಕೆ ಜಗ್ಗತೊಡಗುತ್ತವೆ. ಕೊನೆಗೆ ಬೆಸುಗೆ ಬಿಟ್ಟುಕೊಳ್ಳುತ್ತದೆ. ನಡುವೆ ಉದ್ದಕ್ಕೆ ಎಳೆದುಕೊಂಡಿದ್ದ ರಿಟ್ರಾಕ್ಷನ್ ಫೈಬರ್ ತುಂಡಾಗುತ್ತದೆ, ಬೇರೆ ಬದಿಯಲ್ಲಿ ಹೊಸ ಅಂಚು ಹುಟ್ಟಿ ಕೋಶ ಆ ದಿಕ್ಕಿಗೆ ಹೊರಡುತ್ತದೆ. ಇದಿಷ್ಟಕ್ಕೂ ಸೇರಿ ಕಾಂಟ್ಯಾಕ್ಟ್ ಇನ್ಹಿಬಿಷನ್ ಆಫ್ ಲೋಕೋಮೋಷನ್, ಚಿಕ್ಕದಾಗಿ ಸಿಐಎಲ್ ಎಂಬ ಹೆಸರು. ಕೋಶಗಳು ತುಂಬಿದ ಮೇಲೆ ವಿಭಜನೆ ನಿಲ್ಲಿಸುವ ಇನ್ನೊಂದು ಕಾಂಟ್ಯಾಕ್ಟ್ ಇನ್ಹಿಬಿಷನ್ ಇದೆ, ಅದು ಬೇರೆ ಸಂಗತಿ. ಎರಡನ್ನೂ ಕಲೆಸಿಕೊಂಡ ಥೀಸಿಸ್‌ಗಳು ಕಡಿಮೆಯೇನಿಲ್ಲ.

ಇನ್ಸರ್ಟ್ ಮಾಡುವ ಕೆಲಸದ ಮೂಲ ಹಳೆಯದು. 1953-54ರಲ್ಲಿ ಮೈಕೆಲ್ ಅಬರ್‌ಕ್ರೋಂಬಿ ಮತ್ತು ಜೋನ್ ಹೇಸ್ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೋಳಿ ಭ್ರೂಣದ ಹೃದಯದ ಚೂರುಗಳನ್ನು ಎದುರುಬದುರಾಗಿ ಬೆಳೆಸಿ, ಎರಡರಿಂದಲೂ ಹೊರಬಂದ ಫೈಬ್ರೋಬ್ಲಾಸ್ಟ್‌ಗಳು ಸೇರುವುದನ್ನು ಚಿತ್ರ ತೆಗೆದರು. ಒಂದು ಕೋಶಕ್ಕೆ ಎಷ್ಟು ಕೋಶಗಳ ಸಂಪರ್ಕವಿದೆಯೋ ಅಷ್ಟು ಅದರ ವೇಗ ತಗ್ಗುತ್ತದೆ ಎಂದೂ, ಕೋಶಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಎಷ್ಟು ನ್ಯೂಕ್ಲಿಯಸ್‌ಗಳು ಒಂದರ ಮೇಲೊಂದು ಕೂರಬೇಕಿತ್ತೋ ಅದಕ್ಕಿಂತ ತೀರಾ ಕಡಿಮೆ ಕೂರುತ್ತವೆ ಎಂದೂ ಅಳೆದು ತೋರಿಸಿದರು. ಮುಂದೆ ಇಲಿಯ ಸಾರ್ಕೋಮಾ (ಒಂದು ಬಗೆಯ ಕ್ಯಾನ್ಸರ್) ಕೋಶಗಳನ್ನು ಎದುರಿಗಿಟ್ಟಾಗ ಅವು ನಿಲ್ಲದೆ ಫೈಬ್ರೋಬ್ಲಾಸ್ಟ್‌ಗಳ ನಡುವೆ ನುಗ್ಗಿದವು. ಇದು ಡಿಶ್‌ನಲ್ಲಷ್ಟೇ ನಡೆಯುವ ಸಂಗತಿ ಎಂಬ ಅನುಮಾನ ಬಹಳ ಕಾಲ ಇತ್ತು. 2008ರಲ್ಲಿ ಅದೇ ಯೂನಿವರ್ಸಿಟಿ ಕಾಲೇಜಿನ ರಾಬರ್ಟೊ ಮೇಯರ್ ಅವರ ತಂಡ ಬದುಕಿರುವ ಕಪ್ಪೆ ಭ್ರೂಣದಲ್ಲೇ ನ್ಯೂರಲ್ ಕ್ರೆಸ್ಟ್ (ಬೆನ್ನಿನ ಬಳಿ ಹುಟ್ಟಿ ದೇಹದ ಬೇರೆಡೆಗೆ ಸಾಗುವ) ಕೋಶಗಳು ಹೀಗೆ ಮುಟ್ಟಿ ತಿರುಗುವುದನ್ನು ತೋರಿಸಿತು. ಆಮೇಲೆ ಹಣ್ಣುನೊಣದ ಭ್ರೂಣದ ರಕ್ತಕೋಶಗಳಲ್ಲೂ ಅದು ಕಂಡಿತು.

ಈಗ ವಸ್ತುವಿನ ವಿಷಯ. ಇನ್ಸರ್ಟ್‌ನಲ್ಲಿ ಎರಡು ಗುಂಡಿಗಳಿವೆ. ಒಂದೊಂದರಲ್ಲೂ 70 ಮೈಕ್ರೋಲೀಟರ್ ಹಿಡಿಯುತ್ತದೆ, ಕೋಶ ಕೂರುವ ಜಾಗ 0.22 ಚದರ ಸೆಂ.ಮೀ. ನಡುವಿನ ಗೋಡೆ ತೆಗೆದಾಗ ಉಳಿಯುವ ಖಾಲಿ ಪಟ್ಟಿಯ ಅಗಲ 500 ಮೈಕ್ರೋಮೀಟರ್, 100 ಆಚೀಚೆ. ತಳ ತಾನೇ ಅಂಟಿಕೊಳ್ಳುವಂಥದ್ದು, ಅಂಟು ಹಚ್ಚಬೇಕಿಲ್ಲ, ತೆಗೆದ ಮೇಲೆ ಡಿಶ್ ಮೇಲೆ ಏನೂ ಉಳಿಯುವುದಿಲ್ಲ. 35 ಮಿ.ಮೀ. ಡಿಶ್‌ಗೆ ಕೂರಿಸಿಯೇ ಬರುವುದೂ ಇದೆ, ನಾವೇ ಬೇಕಾದ ಕಡೆ ಕೂರಿಸಿಕೊಳ್ಳುವ ಬಿಡಿ ಇನ್ಸರ್ಟ್‌ಗಳೂ ಇವೆ.

ಗೀರಿಗೆ ಹೋಲಿಸಿದರೆ ಇದರ ದೊಡ್ಡ ಲಾಭ ಅಂಚಿನ ಕೋಶಗಳು ಕತ್ತರಿಸಿಹೋಗದೆ ಇರುವುದು. ಟಿಪ್‌ನಲ್ಲಿ ಗೀರಿದಾಗ ಕೋಶಗಳು ಒಡೆದು ಒಳಗಿನದೆಲ್ಲ ಮೀಡಿಯಾಕ್ಕೆ ಸುರಿಯುತ್ತದೆ, ಪಕ್ಕದ ಕೋಶಗಳು ಅದಕ್ಕೇ ಪ್ರತಿಕ್ರಿಯಿಸುತ್ತವೆ. ಜೊತೆಗೆ ಕೋಶ ಹಿಡಿದುಕೊಳ್ಳಲೆಂದು ಡಿಶ್‌ಗೆ ಫೈಬ್ರೋನೆಕ್ಟಿನ್ ಅಥವಾ ಕೊಲಾಜನ್ ಹಚ್ಚಿದ್ದರೆ ಅದೂ ಕೆರೆದುಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗೀರಿನ ಎರಡೂ ಕಡೆ ಇರುವುದು ಒಂದೇ ಜಾತಿಯ ಕೋಶ. ಇನ್ಸರ್ಟ್‌ನಲ್ಲಿ ಎಡಗುಂಡಿಗೆ ಫೈಬ್ರೋಬ್ಲಾಸ್ಟ್, ಬಲಗುಂಡಿಗೆ ಕ್ಯಾನ್ಸರ್ ಕೋಶ ಹಾಕಬಹುದು. ಗೀರಿನಿಂದ ಇದು ಸಾಧ್ಯವೇ ಇಲ್ಲ.

ಇದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಪಿಸಿ-3 ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ನೋಡಬೇಕು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಕ್ಯಾಥರೀನ್ ನೋಬ್ಸ್ ಅವರ ತಂಡ 2010ರಲ್ಲಿ ತೋರಿಸಿದ ಹಾಗೆ, ಪಿಸಿ-3 ಇನ್ನೊಂದು ಪಿಸಿ-3ಯನ್ನು ಮುಟ್ಟಿದರೆ ಹಿಂದೆ ಸರಿಯುತ್ತದೆ, ಫೈಬ್ರೋಬ್ಲಾಸ್ಟನ್ನು ಮುಟ್ಟಿದರೆ ಸರಿಯದೆ ಮುಂದೆ ಸಾಗುತ್ತದೆ. ಅದರ ಮೈಮೇಲೆ ಎದುರಿನ ಕೋಶವನ್ನು ಗುರುತಿಸುವ ಈಫ್-ಎ ರಿಸೆಪ್ಟರ್‌ಗಳು ಮೊದಲನೆಯದಕ್ಕೂ ಈಫ್-ಬಿ ರಿಸೆಪ್ಟರ್‌ಗಳು ಎರಡನೆಯದಕ್ಕೂ ಕಾರಣ. ಒಂದೇ ಜಾತಿಯ ಕೋಶಗಳಲ್ಲಿ ಮಾತ್ರ ಪರೀಕ್ಷಿಸಿದ್ದರೆ ಪಿಸಿ-3ಯಲ್ಲಿ ಸಿಐಎಲ್ ಸರಿಯಾಗಿಯೇ ಇದೆ ಎಂದು ಬರೆದು ಮುಗಿಸಬಹುದಿತ್ತು.

ಕೂರಿಸುವುದು, ಬಿತ್ತುವುದು, ತೆಗೆಯುವುದು

ಬಿಡಿ ಇನ್ಸರ್ಟ್ ಕೂರಿಸುವ ಡಿಶ್ ಪೂರ್ತಿ ಒಣಗಿರಬೇಕು. ಫೈಬ್ರೋನೆಕ್ಟಿನ್ ಹಚ್ಚಿದ್ದರೆ ತೊಳೆದು ಹುಡ್ (ಕ್ರಿಮಿರಹಿತ ಗಾಳಿ ಹಾಯುವ ಕೆಲಸದ ಪೆಟ್ಟಿಗೆ) ಒಳಗೇ ಆರಿಸಿ. ಒದ್ದೆ ಮೇಲೆ ಕೂರಿಸಿದ್ದು ಅಂಟಿದಂತೆ ಕಂಡರೂ ಗೋಡೆಯ ಕೆಳಗಿನಿಂದ ಸೋರುತ್ತದೆ. ಚಿಮಟದ ಹಿಂಬದಿಯಿಂದ ನಾಲ್ಕೂ ಅಂಚನ್ನು, ಆಮೇಲೆ ನಡುಗೋಡೆಯನ್ನು ಮೆಲ್ಲಗೆ ಒತ್ತಿ. ನಡುಗೋಡೆ ಒತ್ತುವುದನ್ನು ಮರೆಯುವವರೇ ಜಾಸ್ತಿ. ಎರಡು ಬಗೆಯ ಕೋಶ ಹಾಕುವವರು ಒಂದು ಗುಂಡಿಗೆ ಮಾತ್ರ ಮೀಡಿಯಾ ಹಾಕಿ ಐದು ನಿಮಿಷ ಕಾಯಲಿ. ಪಕ್ಕದ ಗುಂಡಿ ಒಣಗಿಯೇ ಇದ್ದರೆ ಮುಂದುವರಿಯಬಹುದು.

ಕೋಶಗಳ ಸಂಖ್ಯೆ ಮಿಲಿಲೀಟರಿಗೆ 3ರಿಂದ 7 ಲಕ್ಷ ಎಂಬುದು ಸಾಮಾನ್ಯ ಸಲಹೆ. 5 ಲಕ್ಷ ಹಿಡಿದರೆ 70 ಮೈಕ್ರೋಲೀಟರಿಗೆ 35,000, ಅಂದರೆ ಚದರ ಸೆಂ.ಮೀ.ಗೆ ಸುಮಾರು 1,60,000 ಕೋಶ. ಜಾಗ ಮುಚ್ಚುವ ಪ್ರಯೋಗಕ್ಕೆ ಇದು ಸರಿ. ಮುಟ್ಟುವಿಕೆ ನೋಡಲು ಹೊರಟವರು ಎನ್‌ಐಎಚ್-3ಟಿ3ಯಂಥ ಫೈಬ್ರೋಬ್ಲಾಸ್ಟ್‌ಗಳಲ್ಲಿ ಇದರ ಮೂರನೇ ಒಂದು ಭಾಗಕ್ಕೆ ಇಳಿಸಿ ಮೊದಲು ಪರೀಕ್ಷಿಸುವುದು ಒಳ್ಳೆಯದು. ಒತ್ತಾಗಿ ಬಿತ್ತಿದರೆ ಹಿಂದಿನ ಸಾಲು ಮುಂದಿನ ಸಾಲಿಗೆ ಅಂಟಿಕೊಂಡೇ ಬರುತ್ತದೆ. ಎದುರಿನ ಕೋಶ ಮುಟ್ಟಿದಾಗ ಹಿಂದೆ ಸರಿಯಲು ಜಾಗವೇ ಇಲ್ಲದ ಕೋಶ ಸರಿಯಲಿಲ್ಲ ಎಂದು ದಾಖಲಿಸಿದರೆ ಅದು ತಪ್ಪು ದಾಖಲೆ. ಎಂಡಿಸಿಕೆ, ಹಾಕ್ಯಾಟ್ ಮಾದರಿಯ ಎಪಿಥೀಲಿಯಲ್ (ಅಂಗಗಳ ಹೊದಿಕೆಯ) ಕೋಶಗಳಲ್ಲಿ ವಿರಳ ಬಿತ್ತನೆ ಉಪಯೋಗಕ್ಕೆ ಬರುವುದಿಲ್ಲ, ಅವು ಗುಂಪು ಕಟ್ಟುತ್ತವೆ. ಎರಡು ದಡ ಸೇರಿದ ಮೇಲೂ ಅವು ಬೇರೆಯಾಗದೆ ಬೆಸೆದುಕೊಂಡು ನಿಲ್ಲುತ್ತವೆ. ಅಲ್ಲಿ ನೋಡಬೇಕಾದ್ದು ಅಂಚಿನ ಅಲುಗಾಟ ನಿಂತಿತೇ ಎಂಬುದನ್ನು, ಕೋಶ ತಿರುಗಿತೇ ಎಂಬುದನ್ನಲ್ಲ.

ಬೆಳೆದ ಕೋಶಗಳನ್ನು ಡಿಶ್‌ನಿಂದ ಬಿಡಿಸಲು ಬಳಸುವ ಟ್ರಿಪ್ಸಿನ್ ವಿಷಯದಲ್ಲಿ ಇನ್ಸರ್ಟ್ ಸದ್ದಿಲ್ಲದೆ ಒಂದು ಉಪಕಾರ ಮಾಡುತ್ತದೆ. ಟ್ರಿಪ್ಸಿನ್-ಇಡಿಟಿಎ ಕ್ಯಾಲ್ಸಿಯಂ ಇಲ್ಲದ ಸ್ಥಿತಿಯಲ್ಲಿ ಕೋಶದ ಮೈಮೇಲಿನ ಕ್ಯಾಡ್ಹೆರಿನ್‌ಗಳನ್ನು ಕತ್ತರಿಸುತ್ತದೆ. ವಿರಳವಾಗಿ ಬಿತ್ತಿ ಮೂರು ಗಂಟೆಗೇ ಡಿಕ್ಕಿಗಳ ಚಿತ್ರ ತೆಗೆಯುವವರು ಬೆಸುಗೆಯ ಪ್ರೋಟೀನ್ ಅರ್ಧಂಬರ್ಧ ಇರುವ ಕೋಶಗಳನ್ನು ನೋಡುತ್ತಿರುತ್ತಾರೆ. ಇನ್ಸರ್ಟ್‌ನಲ್ಲಿ ಹೇಗೂ ಒಂದು ರಾತ್ರಿ ಬಿಡುವುದರಿಂದ ಅವು ಮತ್ತೆ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಪ್ರಯೋಗದ ಮೀಡಿಯಾದಲ್ಲೂ ಕ್ಯಾಲ್ಸಿಯಂ ಇದೆಯೇ ಎಂದು ನೋಡಿಕೊಳ್ಳಿ. ಚರ್ಮದ ಕೆರಟಿನೋಸೈಟ್‌ಗಳಿಗೆ ಬಳಸುವ ಕಡಿಮೆ ಕ್ಯಾಲ್ಸಿಯಂ ಮೀಡಿಯಾದಲ್ಲಿ ಮುಟ್ಟುವಿಕೆಯ ಫಲಿತಾಂಶವೇ ಬೇರೆ ಬರುತ್ತದೆ.

70 ಮೈಕ್ರೋಲೀಟರ್ ತುಂಬುವಾಗ ಟಿಪ್ಪನ್ನು ಗುಂಡಿಯ ಮೂಲೆಗೆ ತಾಗಿಸಿ ನಿಧಾನ ಬಿಡಿ. ಕೊನೆಯ ಹನಿಯನ್ನು ಊದಿ ಹೊರಹಾಕಿದರೆ ಗುಳ್ಳೆ ಬರುತ್ತದೆ, ಗುಳ್ಳೆ ಇದ್ದ ಕಡೆ ಕೋಶ ಕೂರುವುದಿಲ್ಲ. ತುಂಬಿದ ಮೇಲೆ ಡಿಶ್ ಅಲ್ಲಾಡಿಸಬಾರದು. ಹತ್ತು ಹದಿನೈದು ನಿಮಿಷ ಹುಡ್‌ನಲ್ಲೇ ಬಿಟ್ಟು ಆಮೇಲೆ ಇನ್‌ಕ್ಯುಬೇಟರಿಗೆ ಸಾಗಿಸಿದರೆ ಕೋಶಗಳು ಸಮನಾಗಿ ಕೂರುತ್ತವೆ, ಇಲ್ಲದಿದ್ದರೆ ಗುಂಡಿಯ ಒಂದು ಬದಿಗೆ ಗುಡ್ಡೆ ಬೀಳುತ್ತವೆ. ಇಷ್ಟು ಕಡಿಮೆ ಮೀಡಿಯಾ ಬೇಗ ಆರುವುದರಿಂದ ಡಿಶ್‌ಗಳನ್ನು ಒದ್ದೆ ಟಿಶ್ಯೂ ಇಟ್ಟ ಮುಚ್ಚಳದ ಡಬ್ಬಿಯಲ್ಲಿಡಬೇಕು.

ತೆಗೆಯುವ ಹೊತ್ತು ಮುಖ್ಯ. 24 ಗಂಟೆ ದಾಟಿಸದಿರುವುದು ಕ್ಷೇಮ. ಹೆಚ್ಚು ಬಿಟ್ಟರೆ ಕೋಶಗಳು ಗೋಡೆಗೂ ಹತ್ತಿಕೊಳ್ಳುತ್ತವೆ, ಇನ್ಸರ್ಟ್ ಎತ್ತುವಾಗ ಕಾವಲಿಯಿಂದ ದೋಸೆಯಂಚು ಎದ್ದಂತೆ ಇಡೀ ಪದರ ಎದ್ದು ಮಡಚಿಕೊಳ್ಳುತ್ತದೆ. ಕ್ರಿಮಿಶುದ್ಧ ಚಿಮಟದಿಂದ ಒಂದು ಮೂಲೆ ಹಿಡಿದು ಆ ಮೂಲೆಯನ್ನು ಮೊದಲು ಬಿಡಿಸಿ, ಆಮೇಲೆ ಪೂರ್ತಿ ಮೇಲಕ್ಕೆ ಎತ್ತಿ. ಪಕ್ಕಕ್ಕೆ ಜರುಗಿಸಿದರೆ ಗೋಡೆಯ ಅಂಚು ಕೋಶಗಳನ್ನು ಕೆರೆದು, ಗೀರು ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಬೆಚ್ಚಗಿನ ಮೀಡಿಯಾ 1 ಮಿಲಿಲೀಟರ್ ಹಾಕಿ ಒಮ್ಮೆ ತೊಳೆದು, 2 ಮಿಲಿಲೀಟರ್ ತುಂಬಿ. ತೊಳೆಯದೆ ಬಿಟ್ಟರೆ ತೇಲುವ ಕೋಶಗಳು ಖಾಲಿ ಪಟ್ಟಿಯಲ್ಲಿ ಇಳಿದು ಕೂರುತ್ತವೆ. ಕೂಡಲೇ ಸೂಕ್ಷ್ಮದರ್ಶಕದಲ್ಲಿ ನೋಡಿ. ಪಟ್ಟಿಯಲ್ಲಿ ಈಗಾಗಲೇ ಕೋಶಗಳಿದ್ದರೆ ಅಥವಾ ಒಂದು ಬಗೆಯ ಕೋಶಗಳ ದಡದಲ್ಲಿ ಇನ್ನೊಂದು ಬಗೆಯ ಒಂದೇ ಒಂದು ಕೋಶ ಕಂಡರೂ ಆ ಡಿಶ್ ಬಿಟ್ಟುಬಿಡುವುದೇ ಸರಿ.

ಪಟ್ಟಿಯ ಅಗಲದಲ್ಲಿ 100 ಮೈಕ್ರೋಮೀಟರ್ ಆಚೀಚೆ ಇರುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ದಡವೂ ಗಂಟೆಗೆ 15 ಮೈಕ್ರೋಮೀಟರ್ ಸರಿದರೆ ಹತ್ತು ಗಂಟೆಯಲ್ಲಿ 300 ಮುಚ್ಚುತ್ತದೆ. ಪಟ್ಟಿ 400 ಇದ್ದ ಡಿಶ್‌ನಲ್ಲಿ ಅದು ಶೇ. 75, 600 ಇದ್ದದ್ದರಲ್ಲಿ ಶೇ. 50. ಕೋಶಗಳ ವರ್ತನೆ ಒಂದೇ, ಗ್ರಾಫ್‌ನಲ್ಲಿ ಮಾತ್ರ ಭಾರಿ ವ್ಯತ್ಯಾಸ. ಆದ್ದರಿಂದ ಶುರುವಿನ ಅಗಲವನ್ನು ಪ್ರತಿ ಡಿಶ್‌ನಲ್ಲೂ ಅಳೆದು, ಫಲಿತಾಂಶವನ್ನು ಶೇಕಡಾವಾರು ಬದಲು ಗಂಟೆಗೆ ಇಷ್ಟು ಮೈಕ್ರೋಮೀಟರ್ ಎಂದು ಬರೆಯಬೇಕು.

ಚಿತ್ರ ತೆಗೆಯುವುದು

0, 12, 24 ಗಂಟೆಗೆ ಒಂದೊಂದು ಫೋಟೋ ತೆಗೆಯುವ ಪದ್ಧತಿಯಿಂದ ಮುಟ್ಟುವಿಕೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಮುಟ್ಟಿ, ಬಿಗಿದು, ಬಿಟ್ಟು, ತಿರುಗುವ ಇಡೀ ಘಟನೆ ಫೈಬ್ರೋಬ್ಲಾಸ್ಟ್‌ಗಳಲ್ಲಿ ಒಂದು ಗಂಟೆಯ ಆಸುಪಾಸಿನಲ್ಲಿ ಮುಗಿದುಹೋಗಬಹುದು. 10ಎಕ್ಸ್ ಫೇಸ್ ಕಾಂಟ್ರಾಸ್ಟ್‌ನಲ್ಲಿ 3 ನಿಮಿಷಕ್ಕೊಂದು ಚಿತ್ರ ತೆಗೆದರೆ ಅಂಚಿನ ಅಲುಗಾಟ ನಿಲ್ಲುವ ಕ್ಷಣ ಸಿಗುತ್ತದೆ. 10 ನಿಮಿಷಕ್ಕೊಂದಾದರೆ ಕೋಶದ ದಾರಿ ಸಿಗುತ್ತದೆ, ಆ ಕ್ಷಣ ಸಿಗುವುದಿಲ್ಲ.

ಸಮಯವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಅದೇ 15ರ ವೇಗದಲ್ಲಿ ಒಂದು ದಡ 250 ಮೈಕ್ರೋಮೀಟರ್ ಸಾಗಲು ಸುಮಾರು 17 ಗಂಟೆ ಬೇಕು. ರಾತ್ರಿ 8ಕ್ಕೆ ಇನ್ಸರ್ಟ್ ತೆಗೆದರೆ ದಡಗಳು ಸೇರುವುದು ಮರುದಿನ ಮಧ್ಯಾಹ್ನ ಒಂದರ ಹೊತ್ತಿಗೆ. ಆದರೆ ಗುಂಪು ಬಿಟ್ಟು ಮುಂದೆ ಬಂದ ಬಿಡಿ ಕೋಶಗಳ ಭೇಟಿ ಅದಕ್ಕೆ ಎಷ್ಟೋ ಮೊದಲೇ ಶುರುವಾಗುತ್ತದೆ, ಮತ್ತು ಅಳತೆಗೆ ಅತ್ಯಂತ ಬೆಲೆಯುಳ್ಳವು ಅವೇ. ಬೆಳಗಿನ ಜಾವದಿಂದಲೇ ಚಿತ್ರ ಓಡುತ್ತಿರಬೇಕು. ಡಿಶ್ಶನ್ನು ಸ್ಟೇಜ್ ಮೇಲಿಟ್ಟು ಅರ್ಧದಿಂದ ಒಂದು ಗಂಟೆ ಬಿಟ್ಟ ಮೇಲೆ ಫೋಕಸ್ ಮಾಡಿ. ಬಿಸಿ ಸಮನಾಗುವವರೆಗೆ ಫೋಕಸ್ ಜಾರುತ್ತಲೇ ಇರುತ್ತದೆ. ಕಾರ್ಬನ್ ಡೈಆಕ್ಸೈಡ್ ವ್ಯವಸ್ಥೆ ಇಲ್ಲದ ಸೂಕ್ಷ್ಮದರ್ಶಕವಾದರೆ ಮೀಡಿಯಾದ ಆಮ್ಲೀಯತೆ ಏರುಪೇರಾಗದಂತೆ ತಡೆಯಲು 25 ಮಿಲಿಮೋಲಾರ್ ಹೆಪಿಸ್ ಸೇರಿಸಿ. ಕ್ಯಾಮೆರಾ, ಹೀಟರ್, ಕಂಪ್ಯೂಟರ್ ಮೂರೂ ಯುಪಿಎಸ್ ಮೇಲಿರಲಿ. ಎರಡು ಸೆಕೆಂಡ್ ಕರೆಂಟ್ ಹೋಗಿ ಬಂದರೂ ರಾತ್ರಿಯ ಓಟ ಅಲ್ಲಿಗೇ ನಿಲ್ಲುತ್ತದೆ.

ಎರಡು ಬಗೆಯ ಕೋಶಗಳನ್ನು ಗುರುತಿಸಲು ಸೆಲ್‌ಟ್ರ್ಯಾಕರ್ ಹಸಿರು ಮತ್ತು ಕಿತ್ತಳೆ ಬಣ್ಣ ಸಾಕು. ಸೀರಮ್ ಇಲ್ಲದ ಮೀಡಿಯಾದಲ್ಲಿ 1ರಿಂದ 5 ಮೈಕ್ರೋಮೋಲಾರ್, ಅರ್ಧ ಗಂಟೆ. ಪ್ರತಿ ಚಿತ್ರಕ್ಕೂ ಫ್ಲೋರೆಸೆನ್ಸ್ ಬೆಳಕು ಹಾಯಿಸಿದರೆ ಕೋಶಗಳು ಬೆಳಕಿನ ಏಟಿಗೇ ಮುದುಡುತ್ತವೆ. ಮುದುಡಿದ್ದನ್ನು ಸಿಐಎಲ್ ಎಂದು ಓದುವ ಅಪಾಯವಿದೆ. ಫೇಸ್ ಚಿತ್ರ ಪ್ರತಿ ಸಲ, ಬಣ್ಣದ ಚಿತ್ರ ಐದಕ್ಕೊಮ್ಮೆ ತೆಗೆಯಿರಿ. ಬಣ್ಣ ಅದಲುಬದಲು ಮಾಡಿದ ಒಂದು ಜೊತೆ ಡಿಶ್ ಕಡ್ಡಾಯ. ಎರಡೂ ಕಡೆ ಫೈಬ್ರೋಬ್ಲಾಸ್ಟ್ ಇರುವುದು, ಎರಡೂ ಕಡೆ ಕ್ಯಾನ್ಸರ್ ಕೋಶ ಇರುವುದು, ಇವೆರಡು ಇಲ್ಲದೆ ಮಿಶ್ರ ಜೋಡಿಯ ಫಲಿತಾಂಶಕ್ಕೆ ಅರ್ಥವಿಲ್ಲ. ಗೋಡೆ ತೆಗೆದ ಮೇಲೆ ಎರಡೂ ಬಗೆಯ ಕೋಶಗಳಿಗೆ ಇರುವುದು ಒಂದೇ ಮೀಡಿಯಾ. ಆ ಮೀಡಿಯಾದಲ್ಲಿ ಎರಡೂ ಪ್ರತ್ಯೇಕವಾಗಿ ತಮ್ಮ ಎಂದಿನ ವೇಗದಲ್ಲಿ ಓಡುತ್ತವೆಯೇ ಎಂದು ಮುಂಚೆಯೇ ನೋಡಿಟ್ಟುಕೊಳ್ಳಬೇಕು.

ವಿಭಜನೆ ತಡೆಯಲು ಮೈಟೋಮೈಸಿನ್-ಸಿ, ಮಿಲಿಲೀಟರಿಗೆ 10 ಮೈಕ್ರೋಗ್ರಾಂ, ಎರಡು ಗಂಟೆ ಎಂಬ ರೂಢಿ ಜಾಗ ಮುಚ್ಚುವ ಲೆಕ್ಕಕ್ಕೆ ಬೇಕಾದೀತು. ಡಿಕ್ಕಿಗಳನ್ನು ಒಂದೊಂದಾಗಿ ನೋಡುವಾಗ ಅದು ಬೇಡ. ದುಂಡಗಾಗಿ ವಿಭಜನೆಗೆ ಹೊರಟ ಕೋಶವನ್ನು ಲೆಕ್ಕದಿಂದ ಬಿಟ್ಟರೆ ಆಯಿತು, ಚಲನೆಯನ್ನೇ ಕೆಡಿಸಬಹುದಾದ ವಿಷ ಹಾಕುವ ಅಗತ್ಯವಿಲ್ಲ.

ಅಳತೆ

ಫಿಜಿ ತಂತ್ರಾಂಶದ ಟ್ರ್ಯಾಕ್‌ಮೇಟ್ ಅಥವಾ ಮ್ಯಾನ್ಯುಯಲ್ ಟ್ರ್ಯಾಕಿಂಗ್ ಉಚಿತ, ಸಾಕಾಗುತ್ತದೆ. ಮುಟ್ಟುವ ಮೊದಲು ಅರ್ಧ ಗಂಟೆಯಾದರೂ ಬೇರೆ ಯಾವ ಕೋಶದ ಸಂಪರ್ಕವೂ ಇಲ್ಲದ ಜೋಡಿಗಳನ್ನೇ ಆರಿಸಿ. ಮುಂಭಾಗಕ್ಕೆ ಮುಂಭಾಗ ತಾಗಿದ್ದನ್ನೂ, ಮುಂಭಾಗ ಇನ್ನೊಂದರ ಪಕ್ಕಕ್ಕೋ ಬಾಲಕ್ಕೋ ತಾಗಿದ್ದನ್ನೂ ಬೇರೆ ಬೇರೆ ಪಟ್ಟಿ ಮಾಡಿ, ಎರಡನೆಯದರಲ್ಲಿ ತಿರುಗುವ ನಿರೀಕ್ಷೆ ಇರುವುದು ಮುಂಭಾಗ ತಾಗಿಸಿದ ಕೋಶದಿಂದ ಮಾತ್ರ. ಆಮೇಲೆ ಮುಟ್ಟಿದ ನಂತರದ ವೇಗದಿಂದ ಮುಟ್ಟುವ ಮುಂಚಿನ ವೇಗವನ್ನು ದಿಕ್ಕಿನ ಸಮೇತ ಕಳೆದರೆ ಸಿಗುವುದು ಕಾಂಟ್ಯಾಕ್ಟ್ ಆಕ್ಸಿಲರೇಷನ್. 1986ರಲ್ಲಿ ಪ್ಯಾಡಾಕ್ ಮತ್ತು ಡನ್ ಫೈಬ್ರೋಬ್ಲಾಸ್ಟ್ ಹಾಗೂ ಫೈಬ್ರೋಸಾರ್ಕೋಮಾ ಡಿಕ್ಕಿಗಳಿಗೆ ಈ ದಾರಿ ಹಾಕಿಕೊಟ್ಟರು.

ಇಲ್ಲಿ ಬಹಳ ಲೆಕ್ಕಗಳು ಎಡವುತ್ತವೆ. ಯಾವುದನ್ನೂ ಮುಟ್ಟದ ಕೋಶ ಕೂಡ ಹೊತ್ತು ಕಳೆದಂತೆ ತನ್ನ ದಿಕ್ಕು ಬದಲಿಸುತ್ತದೆ. ಅದರ ಮುಂಚಿನ ದಿಕ್ಕಿಗೆ ಹೋಲಿಸಿ ಕಳೆದರೆ ಉತ್ತರ ಋಣವೇ ಬರುತ್ತದೆ. ಹಾಗಾಗಿ ಡಿಕ್ಕಿಯ ಅಂಕಿಯನ್ನು ಸೊನ್ನೆಗೆ ಹೋಲಿಸಬಾರದು. ಅದೇ ಡಿಶ್‌ನಲ್ಲಿ ಅದೇ ಹೊತ್ತಿನಲ್ಲಿ ಒಂಟಿಯಾಗಿ ಓಡಾಡುತ್ತಿದ್ದ ಕೋಶಗಳಿಗೆ ಇದೇ ಲೆಕ್ಕ ಮಾಡಿ ಆ ಅಂಕಿಗೆ ಹೋಲಿಸಬೇಕು. ಎರಡರ ನಡುವಿನ ಅಂತರವೇ ಸಿಐಎಲ್. ದಡಗಳು ಪೂರ್ತಿ ಸೇರಿದ ಮೇಲೆ ಕೋಶಗಳನ್ನು ಫಿಕ್ಸ್ ಮಾಡಿ ನ್ಯೂಕ್ಲಿಯಸ್ಸಿಗೆ ಹತ್ತುವ ಡ್ಯಾಪಿ ಬಣ್ಣ ಹಾಕಿ, ಒಂದರ ಮೇಲೊಂದು ಕೂತ ನ್ಯೂಕ್ಲಿಯಸ್‌ಗಳನ್ನು ಎಣಿಸುವುದು ಸುಲಭದ ಎರಡನೇ ಸಾಕ್ಷಿ. ನುಗ್ಗುವ ಕೋಶಗಳಿದ್ದರೆ ಆ ಸಂಖ್ಯೆ ಅಡ್ಡಾದಿಡ್ಡಿ ಹಂಚಿಕೆಯ ನಿರೀಕ್ಷೆಗೆ ಹತ್ತಿರವಾಗುತ್ತದೆ.

ಯಾರಿಗೆ, ಎಷ್ಟರ ಮಟ್ಟಿಗೆ

ಎರಡು ಬಗೆಯ ಕೋಶಗಳನ್ನು ಎದುರಾಗಿಸುವ ಪ್ರಯೋಗಕ್ಕೆ ಈ ಇನ್ಸರ್ಟ್‌ಗೆ 5ರಲ್ಲಿ ನಾಲ್ಕೂವರೆ ಕೊಡಬಹುದು. ಬರೀ ಒಂದೇ ಬಗೆಯ ಕೋಶ, ಬರೀ ಮುಚ್ಚುವ ವೇಗ ಎಂದರೆ ಮೂರು. ಬಿಡಿ ಕೋಶಗಳ ಡಿಕ್ಕಿಯನ್ನು ನೂರಾರು ಸಂಖ್ಯೆಯಲ್ಲಿ ಎಣಿಸಬೇಕೆಂದರೆ ಎರಡೇ. ಒಂದು ಪಟ್ಟಿಯಲ್ಲಿ ಶುದ್ಧವಾಗಿ ಸಿಗುವ ಜೋಡಿಗಳು ಕಡಿಮೆ, ದಡ ಹತ್ತಿರವಾಗುತ್ತಿದ್ದಂತೆ ಒಂದು ಕೋಶಕ್ಕೆ ಮೂರು ನಾಲ್ಕು ಸಂಪರ್ಕ ಒಟ್ಟಿಗೆ ಬಂದು ಯಾವುದರಿಂದ ಏನಾಯಿತು ಎಂದು ಬಿಡಿಸಲಾಗುವುದಿಲ್ಲ. ಅಂಥ ಎಣಿಕೆಗೆ ಫೈಬ್ರೋನೆಕ್ಟಿನ್‌ನ 10-20 ಮೈಕ್ರೋಮೀಟರ್ ಅಗಲದ ಗೆರೆಗಳನ್ನು ಮುದ್ರಿಸಿದ ಮೈಕ್ರೋಪ್ಯಾಟರ್ನ್ ಗಾಜು ಮೇಲು. ಗೆರೆ ಮೇಲೆ ಕೋಶಕ್ಕೆ ಎರಡೇ ದಿಕ್ಕು, ಪ್ರತಿ ಭೇಟಿಯೂ ನೇರ ಡಿಕ್ಕಿ, ಫಲಿತಾಂಶವೂ ತಿರುಗಿತು, ಅಂಟಿ ನಿಂತಿತು, ದಾಟಿ ಹೋಯಿತು ಎಂಬ ಮೂರರಲ್ಲಿ ಒಂದು.

ಇನ್ನೊಂದು ಮಿತಿ ಇನ್ಸರ್ಟಿನದಲ್ಲ, ಅದು ಕೂರುವ ನೆಲದ್ದು. ಡಿಶ್‌ನ ತಳ ದೇಹದ ಮೃದು ಅಂಗಾಂಶಕ್ಕಿಂತ ಲಕ್ಷಾಂತರ ಪಟ್ಟು ಗಟ್ಟಿ. ಮುಟ್ಟಿದ ಮೇಲೆ ಕೋಶ ಎಷ್ಟು ಬಲವಾಗಿ ಜಗ್ಗುತ್ತದೆ ಎಂಬುದು ನೆಲದ ಗಟ್ಟಿತನಕ್ಕೆ ತಕ್ಕಂತೆ ಬದಲಾಗುತ್ತದೆ. ಮೃದುವಾದ ಪಾಲಿಅಕ್ರಿಲಮೈಡ್ ಜೆಲ್ ಮೇಲೆ ಇದನ್ನು ಕೂರಿಸಲು ಹೋದರೆ ಜೆಲ್ ಒದ್ದೆ ಇರುವುದರಿಂದ ಅಂಟುವುದಿಲ್ಲ, ಆರಿಸಿದರೆ ಜೆಲ್ ಕೆಡುತ್ತದೆ.

ಕೊಳ್ಳುವವರಿಗೆ: ಒಂದೇ ಬಗೆಯ ಪ್ಲಾಸ್ಟಿಕ್ ಡಿಶ್‌ನಲ್ಲಿ ಕೆಲಸ ಮಾಡುವವರು, ಹೊಸದಾಗಿ ಶುರುಮಾಡುವವರು ಕೂರಿಸಿಯೇ ಬರುವ ಡಿಶ್‌ಗಳನ್ನು ಮೊದಲು ತೆಗೆದುಕೊಳ್ಳಿ, ಸೋರುವ ತಲೆನೋವು ತೀರಾ ಕಡಿಮೆ. ಫೈಬ್ರೋನೆಕ್ಟಿನ್ ಹಚ್ಚಬೇಕಾದವರಿಗೆ, ಗಾಜಿನ ತಳದ ಡಿಶ್ ಬಳಸುವವರಿಗೆ ಬಿಡಿ ಇನ್ಸರ್ಟ್‌ಗಳ 25ರ ಪ್ಯಾಕ್ ಸೂಕ್ತ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರವಾದ ಎನ್‌ಸಿಸಿಎಸ್‌ನಿಂದ ಕೋಶಸಾಲು ತರಿಸುವ ಬೆಂಗಳೂರು, ಮೈಸೂರು, ಮಂಗಳೂರಿನ ಲ್ಯಾಬುಗಳು ಕೋಶ ಕೈಗೆ ಬರುವ ಮುಂಚೆಯೇ ಇನ್ಸರ್ಟ್ ಆರ್ಡರ್ ಮಾಡಿಟ್ಟರೆ ಪ್ಯಾಸೇಜ್ ಸಂಖ್ಯೆ (ಕೋಶಗಳನ್ನು ಎಷ್ಟು ಸಲ ಹೊಸ ಡಿಶ್‌ಗೆ ಬದಲಿಸಿದ್ದೇವೆ ಎಂಬ ಎಣಿಕೆ) ಸುಮ್ಮನೆ ಏರುವುದು ತಪ್ಪುತ್ತದೆ, ಇದು ಹೊರದೇಶದಿಂದ ಬರುವ ಸರಕು. ತೊಳೆದು ಮತ್ತೆ ಬಳಸುವ ಅಭ್ಯಾಸ ಬೇಡ. ತಳಕ್ಕೆ ಹತ್ತಿದ ಸೀರಮ್ ಪ್ರೋಟೀನ್ ಪೂರ್ತಿ ಹೋಗದೆ ಹಿಡಿತ ಸಡಿಲವಾಗುತ್ತದೆ, ಎರಡು ಬಗೆಯ ಕೋಶಗಳ ಪ್ರಯೋಗದಲ್ಲಿ ಆ ಒಂದು ಸೋರಿಕೆಗೆ ಇಡೀ ವಾರದ ಕೆಲಸ ಹೋಗುತ್ತದೆ. ಬಜೆಟ್ ಇಲ್ಲವೆಂದರೆ ಸಿಲ್ಗಾರ್ಡ್ 184 ಸಿಲಿಕೋನನ್ನು ಅದರ ಜೊತೆ ಬರುವ ಗಟ್ಟಿಯಾಗಿಸುವ ದ್ರವದೊಡನೆ ಹತ್ತಕ್ಕೆ ಒಂದರ ಪ್ರಮಾಣದಲ್ಲಿ ಕಲಸಿ, ಗುಳ್ಳೆ ತೆಗೆದು, 65 ಡಿಗ್ರಿಯಲ್ಲಿ ರಾತ್ರಿಯಿಡೀ ಗಟ್ಟಿಯಾಗಿಸಿ, ಹೊಸ ಬ್ಲೇಡಿನಲ್ಲಿ ಗುಂಡಿ ಕೊರೆದುಕೊಳ್ಳಬಹುದು. ಕೈಯಲ್ಲಿ ಕೊಯ್ದರೆ ನಡುಗೋಡೆ 1 ಮಿ.ಮೀ.ಗಿಂತ ತೆಳ್ಳಗೆ ಬರುವುದು ಕಷ್ಟ, ಆದ್ದರಿಂದ ದಡಗಳು ಸೇರಲು ಎರಡು ಪಟ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕವಿಟ್ಟುಕೊಂಡು ಸೂಕ್ಷ್ಮದರ್ಶಕ ಕಾಯ್ದಿರಿಸಿ.